ಡಬ್ಬಿ ಕಾರ್ಖಾನೆಯ ಸೀಸ

ಆ ಮನೆಯಲ್ಲಿ ಜಗಳ ಹತ್ತಿಕೊಂಡದ್ದು ಹಾಲಿನ ಪಾತ್ರೆಯಿಂದ. ಬೆಳಗ್ಗೆ ಎದ್ದ ಸೊಸೆ ಹಾಲು ಕಾಯಿಸೋಣವೆಂದು ಪಾತ್ರೆ ಹುಡುಕಿದರೆ ಗೂಡಿನಲ್ಲಿಲ್ಲ, ಬಚ್ಚಲಲ್ಲಿಲ್ಲ. ಕೊನೆಗೆ ಹಿತ್ತಲ ಬಾಗಿಲ ಮೂಲೆಯಲ್ಲಿ ಸಿಕ್ಕಿತು. ತಳದಲ್ಲಿ ಬೂದು ಬಣ್ಣದ ಬಿಲ್ಲೆಯೊಂದು ಗಟ್ಟಿಯಾಗಿ ಕೂತಿತ್ತು.

"ಮಾವ, ಇದೇನಿದು?"

"ಪಾತ್ರೆ."

"ಪಾತ್ರೆ ಅಂತ ನಂಗೂ ಕಾಣ್ಸುತ್ತೆ. ಒಳಗೇನು?"

"ಸೀಸ. ನನ್ನ ಬಾಣಲೆ ತೂತು ಬಿತ್ತು. ಒಂದು ದಿನಕ್ಕೆ ನಿನ್ನ ಪಾತ್ರೆ ತಗೊಂಡ್ರೆ ಆಕಾಶ ಕಳಚಿ ಬೀಳುತ್ತಾ? ಉಜ್ಜಿದ್ರೆ ಹೋಗುತ್ತೆ."

"ಉಜ್ಜೋರು ಯಾರು?"

ಮಾವ ಚಹಾ ಬರುತ್ತದೋ ಇಲ್ಲವೋ ಎಂದು ಮಾತ್ರ ನೋಡುತ್ತಿದ್ದರು.

ಅವರನ್ನು ಬೀದಿಯವರೆಲ್ಲ ಬೆಸುಗೆ ತಾತ ಎಂದೇ ಕರೆಯುತ್ತಿದ್ದರು. ನೀರಿನ ದಂಡೆಯ ಮೀನು ಡಬ್ಬಿ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ತಗಡಿನ ಡಬ್ಬಿಗಳಿಗೆ ಸೀಸದ ಬೆಸುಗೆ ಹಾಕಿದ ಕೈ ಅದು. ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಕರಗಿದ ಸೀಸದ ಮೇಲೆ ಕೆನೆಯಂತೆ ಕಟ್ಟುವ ಕಿಟ್ಟವನ್ನು ವಾರಕ್ಕೊಮ್ಮೆ ಬಳಿದು ಬೆಸುಗೆಯವರಿಗೇ ಹಂಚುತ್ತಿದ್ದರು. ಅದು ಯಾರೂ ಕೊಟ್ಟ ದಾನವಲ್ಲ, ಅವರ ಹಕ್ಕು. ಅವರು ಅದನ್ನು ಮನೆಗೆ ತಂದು, ಅಡುಗೆ ಒಲೆಯ ಮೇಲೆ ಮತ್ತೆ ಕರಗಿಸಿ, ಕಲ್ಲಿನ ಅಚ್ಚಿಗೆ ಹೊಯ್ದು, ಬಲೆಯ ಅಂಚಿಗೆ ಕಟ್ಟುವ ಗುಂಡು ಮಾಡಿ ಮೀನುಗಾರರಿಗೆ ಮಾರುತ್ತಿದ್ದರು. ಆ ಬೀದಿಯಲ್ಲಿ ಒಂದು ಕಾಲಕ್ಕೆ ಉಪ್ಪಿನ ಡಬ್ಬಿ ಇಲ್ಲದ ಮನೆ ಇದ್ದೀತು, ಗುಂಡಿನ ಅಚ್ಚಿಲ್ಲದ ಮನೆ ಇರಲಿಲ್ಲ.

ಕಾರ್ಖಾನೆ ಮುಚ್ಚಿ ಇಪ್ಪತ್ತೆರಡು ವರ್ಷವಾಗಿತ್ತು. ಒಡೆದ ಕಿಟಕಿಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಹೋದ ವರ್ಷ ಯಾರ್ಯಾರೋ ಬಂದು ಅಳೆದರು, ಫೋಟೋ ಹಿಡಿದರು. ಆಮೇಲೆ ಗೇಟಿನ ಮೇಲೆ ದೊಡ್ಡ ಬೋರ್ಡು ಬಿತ್ತು. ಹಳೆಯ ಕಟ್ಟಡವನ್ನು ಒಂದಿಟ್ಟಿಗೆ ಕದಲಿಸದೆ ದುರಸ್ತಿ ಮಾಡಿ ಸಮುದ್ರ ಸಂಶೋಧನಾ ಕೇಂದ್ರ ಮಾಡುತ್ತಾರಂತೆ. ಕೆಳಗೆ ಊರವರಿಗೆ ಸಭಾಂಗಣ, ಓದುವ ಕೋಣೆ, ಮಕ್ಕಳು ಕೈಹಾಕಿ ನಕ್ಷತ್ರಮೀನು ಮುಟ್ಟುವ ತೊಟ್ಟಿ. ಮೇಲೆ ಪ್ರಯೋಗಾಲಯ. ಬೀದಿ ಮೊದಲು ನಕ್ಕಿತು. ಕೆಲಸಕ್ಕೆ ಜನ ಬೇಕೆಂದು ಗೊತ್ತಾದ ಮೇಲೆ ನಗು ನಿಲ್ಲಿಸಿ ಸಾಲಾಗಿ ನಿಂತಿತು.

ಸೊಸೆಗೂ ಕೆಲಸ ಸಿಕ್ಕಿತು. ಒಳಗಿನ ಎರಕದ ಕಬ್ಬಿಣದ ಕಂಬಗಳ ಹಳೆ ಬಣ್ಣ ಕೆರೆಯುವ ಕೆಲಸ. ನೂರು ವರ್ಷದಲ್ಲಿ ಯಾರ್ಯಾರು ಯಾವ್ಯಾವ ಬಣ್ಣ ಬಳಿದಿದ್ದರೋ, ಹಸಿರಿನ ಕೆಳಗೆ ಬಿಳಿ, ಬಿಳಿಯ ಕೆಳಗೆ ಕೆಂಪು. ಎಂಟು ಹೆಂಗಸರು ಉಕ್ಕಿನ ಪಟ್ಟಿ ಹಿಡಿದು ಬೆಳಗಿನಿಂದ ಸಂಜೆಯ ತನಕ ಕೆರೆಯುತ್ತಿದ್ದರು. ಮೇಸ್ತ್ರಿ ಮೂಗಿಗೆ ಕಟ್ಟಿಕೊಳ್ಳಲು ಒಂದೊಂದು ತುಂಡು ಬಟ್ಟೆಯನ್ನೂ, ಮೇಲೆ ತೊಡಲು ಒಂದೊಂದು ನೀಲಿ ಅಂಗಿಯನ್ನೂ ಕೊಟ್ಟಿದ್ದ. ಗಂಡ ದೋಣಿ ನಿಲ್ಲುವ ಮೀನು ದಕ್ಕೆಗೆ ಮಂಜುಗಡ್ಡೆ ಸಾಗಿಸುವ ವ್ಯಾನು ಓಡಿಸುತ್ತಿದ್ದ. ದೋಣಿಗಳು ದಡದಲ್ಲಿ ಕಟ್ಟಿಬಿದ್ದ ತಿಂಗಳುಗಳು ಅವು, ವ್ಯಾನಿಗೆ ವಾರದಲ್ಲಿ ಎರಡು ದಿನ ಕೆಲಸವಿದ್ದರೆ ಹೆಚ್ಚು. ಹಾಗಾಗಿ ಮನೆ ನಡೆಯುತ್ತಿದ್ದದ್ದು ಅವಳ ಕೆರೆತದಿಂದ, ತಾತನ ಗುಂಡುಗಳಿಂದ.

ಗುಂಡಿಗೆ ಸೀಸ ಎಲ್ಲಿಂದ ಬಂತು ಎನ್ನುವಿರಾ? ಬೆಸುಗೆ ಶೆಡ್ಡಿನ ಮರದ ನೆಲವನ್ನು ಕಿತ್ತಾಗ ಸಂದಿಗಳಲ್ಲಿ ಎರಡು ತಲೆಮಾರಿನ ಸೀಸದ ಹನಿಗಳು ಬಿದ್ದುಕೊಂಡಿದ್ದವು. ಸುದ್ದಿ ಕೇಳಿದ ತಾತ ಬಿಳಿ ಅಂಗಿ ಹಾಕಿಕೊಂಡು ಕೋಲೂರಿಕೊಂಡು ಹೋದರು.

"ಏನ್ ತಾತ, ಕೆಲಸಕ್ಕಾ?" ಎಂದ ಇಂಜಿನಿಯರು.

"ಕೆಲಸಕ್ಕಲ್ಲ. ನನ್ನ ಪಾಲು ತಗೊಳ್ಳೋಕೆ ಬಂದೆ."

ಇಂಜಿನಿಯರು ಹೊಟ್ಟೆ ಹಿಡಿದುಕೊಂಡು ನಕ್ಕ. "ಎಷ್ಟು ಬೇಕೋ ಅಷ್ಟು ಹೊತ್ಕೊಂಡು ಹೋಗಿ. ನಮಗೆ ಲಾರಿ ಬಾಡಿಗೆ ಉಳೀತು."

ಹೊತ್ತವಳು ಸೊಸೆ. ಮೂರು ಸಂಜೆ, ದಿನಕ್ಕೊಂದು ಚೀಲ. ದಾರಿಯುದ್ದಕ್ಕೂ ಬೈದುಕೊಂಡಳು, ಆದರೆ ಹೊತ್ತಳು.

ಅಂದಿನಿಂದ ತಾತನಿಗೆ ಹತ್ತು ವರ್ಷ ಕಡಿಮೆಯಾಯಿತು. ಬೆಳಗಿನ ಅಡುಗೆ ಮುಗಿಯುವುದೇ ತಡ, ಒಲೆ ಅವರದು. ಅವಳು ಸಂಜೆ ಬರುವ ಹೊತ್ತಿಗೆ ಅಡುಗೆಮನೆಯ ಗೋಡೆಗೆ ಹೊಗೆ, ಕಟ್ಟೆಯ ಮೇಲೆ ಬೂದಿ, ಕಿಟಕಿಯಲ್ಲಿ ಸಾಲಾಗಿ ಹೊಳೆಯುವ ಗುಂಡುಗಳು. ಅವಳು ಕಟ್ಟೆ ಒರೆಸಿ ಅನ್ನಕ್ಕಿಡುತ್ತಿದ್ದಳು. ಅವರು ಎಷ್ಟು ಗುಂಡು ಆಯಿತೆಂದು ಹೇಳುತ್ತಿದ್ದರು. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂಥ ಸಂಸಾರ, ಆದರೂ ಗಾಡಿ ಹೇಗೋ ಉರುಳುತ್ತಿತ್ತು.

ಮಕ್ಕಳು ಇಬ್ಬರು. ಹಿರಿಯವಳಿಗೆ ಹದಿನೈದು, ಬಾಯಿ ಮಾತ್ರ ಐವತ್ತು ವರ್ಷದ್ದು. ಅದಕ್ಕೇ ಮನೆಯಲ್ಲಿ ಅವಳನ್ನು ಲಾಯರಮ್ಮ ಎನ್ನುತ್ತಿದ್ದರು. ಕಿರಿಯವಳಿಗೆ ನಾಲ್ಕು ತುಂಬಿತ್ತು. ನಿಂತಲ್ಲಿ ನಿಲ್ಲದೆ ಸುತ್ತುತ್ತಿದ್ದಳಾದ್ದರಿಂದ ಬುಗುರಿ ಎಂದು ಹೆಸರಿಟ್ಟವರೂ ತಾತನೇ. ಸಂಜೆ ಅಮ್ಮ ಕೆಲಸದಿಂದ ಬಂದು ಮೆಟ್ಟಿಲ ಮೇಲೆ ಕೂತರೆ ಸಾಕು, ಬುಗುರಿ ಎಲ್ಲಿದ್ದರೂ ಓಡಿಬಂದು ಮಡಿಲಲ್ಲಿ ಬಿದ್ದು, ನೀಲಿ ಅಂಗಿಯ ಅಂಚನ್ನು ಬಾಯಲ್ಲಿ ಕಚ್ಚಿಕೊಂಡು, ಅರ್ಧ ಗಂಟೆ ಹಾಗೇ ಇರುತ್ತಿದ್ದಳು. ಇಡೀ ದಿನದಲ್ಲಿ ಅವಳಮ್ಮನಿಗೆ ಇಷ್ಟವಾದ ಹೊತ್ತೆಂದರೆ ಅದೊಂದೇ. ಆಮೇಲೆ ಎದ್ದು ಒಲೆಯ ಮುಂದೆ ನಿಲ್ಲುವುದು ಇದ್ದೇ ಇತ್ತು.

ಆ ಬುಗುರಿ ಒಂದೆರಡು ತಿಂಗಳಲ್ಲಿ ನಿಧಾನವಾದಳು. ಮೊದಲು ಹೊಟ್ಟೆನೋವು ಎಂದಳು. ಆಮೇಲೆ ಊಟ ಬೇಡವೆಂದಳು. ಇಪ್ಪತ್ತರ ತನಕ ಎಣಿಸುತ್ತಿದ್ದವಳು ಏಳಕ್ಕೆ ಬಂದು ನಿಲ್ಲತೊಡಗಿದಳು.

"ಏಳಾದ್ಮೇಲೆ?" ಎಂದು ಅಮ್ಮ ತಟ್ಟೆಯ ಮುಂದೆ ಕೂರಿಸಿಕೊಂಡು ಕೇಳಿದಳು.

"ಏಳು."

"ಏಳು ಆಯ್ತು. ಆಮೇಲೆ?"

ಮಗು ಸುಮ್ಮನೆ ನೋಡಿತು.

"ಹೋದ ತಿಂಗಳು ಪಟಪಟ ಅಂತ ಹೇಳ್ತಿದ್ದೆಯಲ್ಲೇ! ಮೈಗಳ್ಳಿ. ನೀನು ಹೇಳೋ ತನಕ ಅನ್ನ ಇಲ್ಲ."

"ಅನ್ನ ಬೇಡ," ಎಂದಿತು ಮಗು.

ಬೆನ್ನಿಗೆ ಒಂದು ಏಟು ಬಿತ್ತು. ಮಗು ಅಳುವುದಕ್ಕೂ ತಡಮಾಡಿತು. ಮೊದಲು ಅಮ್ಮನ ಕೈಯನ್ನು ನೋಡಿ, ಆಮೇಲೆ ಅತ್ತಿತು.

"ಹೊಡೀಬೇಡಮ್ಮ," ಎಂದರು ತಾತ. "ಬೆಳೆಯೋ ಮಕ್ಕಳು ಹಾಗೇ. ಒಂದಿಷ್ಟು ದಿನ ಮಂಕಾಗಿರ್ತವೆ."

"ನಿಮ್ಮ ಮುದ್ದಿನಿಂದಲೇ ಇದು ಹೀಗಾಗಿದ್ದು. ದಿನವಿಡೀ ಒಲೆ ಪಕ್ಕ ಕೂರಿಸ್ಕೊಂಡು ಗುಂಡು ಉರುಳಿಸೋದು ಕಲಿಸ್ತೀರಿ. ನಾಲ್ಕಕ್ಷರ ಕಲಿಸೋಕೆ ಆಗಲ್ಲ."

"ನಂಗೆ ಬಂದಿದ್ರೆ ಕಲಿಸ್ತಿದ್ದೆ."

ಗಂಡ ತಲೆಯೆತ್ತದೆ ಮೀನಿನ ಮುಳ್ಳು ಬಿಡಿಸುತ್ತಿದ್ದ. ಅಪ್ಪ ಮತ್ತು ಹೆಂಡತಿಯ ನಡುವೆ ಅವನು ಅಡಕತ್ತರಿಗೆ ಸಿಕ್ಕಿದ ಅಡಕೆ. ಬಾಯಿ ತೆರೆದರೆ ಎರಡು ಹೋಳು.

ಸುದ್ದಿ ಮನೆಯೊಳಗೆ ಬಂದದ್ದು ಲಾಯರಮ್ಮನ ಮೂಲಕ. ಶನಿವಾರಗಳಂದು ಸಂಶೋಧನಾ ಕೇಂದ್ರದವರು ಶಾಲೆಯ ಮಕ್ಕಳನ್ನು ಕರೆದು ಪಾಠ ಹೇಳುತ್ತಿದ್ದರು. ಮೇಲ್ಮಹಡಿಯ ಪ್ರಯೋಗಾಲಯ ಆಗಲೇ ಸಿದ್ಧವಾಗಿತ್ತು. ಅಲ್ಲಿನ ಮೇಡಂ ಮಕ್ಕಳ ಕೈಗೆ ಚಾಕು ಕೊಟ್ಟು, ಕಾರ್ಖಾನೆಯ ಕಲ್ಲುಗೋಡೆಗೆ ಅಂಟಿದ ಚಿಪ್ಪುಗಳನ್ನು ಕೀಳಿಸಿ, ಒಳಗಿನ ಮಾಂಸವನ್ನು ಯಂತ್ರಕ್ಕೆ ಹಾಕಿ ಪರೀಕ್ಷಿಸಿದರು. ರಾಶಿ ಸೀಸ ಸಿಕ್ಕಿತು. ಎಲ್ಲಿಂದ ಬಂತು ಎಂದು ಮೇಡಂ ತಲೆ ಕೆರೆದುಕೊಂಡಾಗ ಲಾಯರಮ್ಮ ಕೈಯೆತ್ತಿ, "ನಮ್ಮ ತಾತ ಅಡುಗೆಮನೇಲಿ ಕರಗಿಸ್ತಾರೆ ಮೇಡಂ," ಎಂದು ಹೆಮ್ಮೆಯಿಂದ ಹೇಳಿದಳು.

ಮೇಡಂ ಅಂದೇ ಸಂಜೆ ಮನೆಗೆ ಬಂದರು. ತೆಳ್ಳಗಿನ ಹೆಂಗಸು, ಕೂದಲು ಗಿಡ್ಡ, ಮಾತು ಮೆತ್ತಗೆ. ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು.

"ಇದನ್ನ ಇಲ್ಲೇ, ಈ ಒಲೆ ಮೇಲೇ ಮಾಡ್ತೀರಾ?"

"ಐವತ್ತೈದು ವರ್ಷದಿಂದ," ಎಂದರು ತಾತ. "ಒಂದು ಅಚ್ಚು ನಿಮ್ಮ ಮ್ಯೂಸಿಯಮ್ಮಿಗೆ ಕೊಡ್ತೀನಿ ಬೇಕಾದ್ರೆ."

"ತಾತ, ಇದು ವಿಷ."

"ನಾನು ಬದುಕಿದ್ದೀನಲ್ಲ."

"ದೊಡ್ಡವರು ಹೇಗೋ ತಡ್ಕೋತಾರೆ. ಇದರ ಹೊಗೆ, ಬೂದಿ, ಧೂಳು ಚಿಕ್ಕ ಮಕ್ಕಳ ಮಿದುಳಿಗೆ ಹತ್ತುತ್ತೆ. ಹೊಟ್ಟೆನೋವು ಬರುತ್ತೆ, ಊಟ ಸೇರಲ್ಲ, ಕಲಿತದ್ದು ಮರೀತಾರೆ. ಜಾಸ್ತಿಯಾದ್ರೆ ಫಿಟ್ಸ್ ಬಂದು..."

ಮೇಡಂ ಬುಗುರಿಯನ್ನು ನೋಡಿ ಮಾತು ಅರ್ಧಕ್ಕೆ ನಿಲ್ಲಿಸಿದರು. ಬುಗುರಿ ಒಲೆಯ ಪಕ್ಕ ಮಣೆಯ ಮೇಲೆ ಕೂತು ಒಂದು ಗುಂಡನ್ನು ಈ ಕೈಯಿಂದ ಆ ಕೈಗೆ ಹಾಕುತ್ತಿತ್ತು. ತಾತ ಬಾಗಿ ಅದನ್ನು ಮೆಲ್ಲಗೆ ಕಿತ್ತುಕೊಂಡರು. 

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ನಾಲ್ಕು ದಿನ ಬಿಟ್ಟು ಡಾಕ್ಟರು ಚೀಟಿ ನೋಡಿ ಹೇಳಿದರು: "ರಕ್ತದಲ್ಲಿ ಸೀಸ ಐದರ ಒಳಗಿರಬೇಕು. ಇವಳದು ಮೂವತ್ತೆಂಟು. ನಲವತ್ತೈದು ದಾಟಿದ್ರೆ ದೊಡ್ಡಾಸ್ಪತ್ರೆಗೆ ಸೇರಿಸಿ ಔಷಧಿ ಶುರು ಮಾಡ್ಬೇಕಾಗುತ್ತೆ. ಮೊದಲು ಮನೇಲಿರೋ ಸೀಸ ಆಚೆ ಹಾಕಿ."

"ಆಚೆ ಹಾಕಿದ್ರೆ ಮೊದಲಿನ ಹಾಗೆ ಆಗ್ತಾಳಾ ಡಾಕ್ಟ್ರೇ?"

"ಇನ್ನೂ ಹಾಳಾಗೋದು ತಪ್ಪುತ್ತೆ," ಎಂದರು ಡಾಕ್ಟರು. ಅವಳು ಕೇಳಿದ್ದು ಅದನ್ನಲ್ಲ. ಮತ್ತೆ ಕೇಳಲು ಧೈರ್ಯ ಬರಲಿಲ್ಲ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದಳು. ಕಿಟಕಿಯ ಗುಂಡು, ಮೂಲೆಯ ಚೀಲ, ಬಾಣಲೆ, ಕಲ್ಲಿನ ಅಚ್ಚು, ಎಲ್ಲವನ್ನೂ ಎಳೆದು ಬೀದಿಗೆ ಹಾಕಿದಳು. ಅಚ್ಚು ಎರಡು ತುಂಡಾಯಿತು. ಬೀದಿಯವರು ಬಾಗಿಲಿಗೆ ಬಂದರು.

"ನೋಡ್ರೀ, ಎಲ್ರೂ ನೋಡಿ! ಸ್ವಂತ ಮೊಮ್ಮಗಳಿಗೆ ವಿಷ ಹಾಕಿದ್ದಾರೆ ಇವ್ರು!"

"ಒಳಗೆ ಬಾರೇ," ಎಂದ ಗಂಡ. "ಅಪ್ಪಂಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ವಾ? ಹೊಗೆ ಹಿಡೀತಿದೆ, ಅಡುಗೆಮನೇಲಿ ಬೇಡ ಅಂತ ನಾನೆಷ್ಟು ಸಲ ಬಡ್ಕೊಂಡೆ! ಯಾರು ಕೇಳಿದ್ರು ನನ್ನ ಮಾತು? ನೀವು ಕೇಳಿದ್ರಾ?"

"ಚೀಲ ಹೊತ್ಕೊಂಡು ಬಂದಿದ್ದು ನೀನೇ ಅಲ್ವಾಮ್ಮ?" ಎಂದಳು ಲಾಯರಮ್ಮ.

ಕೆನ್ನೆಗೆ ಬಿದ್ದ ಏಟಿಗೆ ಲಾಯರಮ್ಮನ ವಾದ ಅಲ್ಲಿಗೇ ನಿಂತಿತು.

"ನಾನೊಂದು ಮಾತು ಹೇಳ್ತೀನಿ," ಎಂದಳು ಸೊಸೆ ಗಂಡನಿಗೆ, ಮಾವ ಅಲ್ಲೇ ಕುರ್ಚಿಯಲ್ಲಿದ್ದರೂ ಅವರ ಕಡೆ ನೋಡದೆ. "ಈ ಮನೇಲಿ ಒಂದೋ ಅವರಿರ್ಬೇಕು, ಇಲ್ಲ ನಾನು ನನ್ನ ಮಕ್ಕಳು ಇರ್ಬೇಕು. ಅವರ ಬಟ್ಟೇಲಿದೆ, ಹಾಸಿಗೇಲಿದೆ, ಉಗುರಲ್ಲಿದೆ. ಮೇಡಮ್ಮೇ ಹೇಳಿದ್ದಾರೆ, ಧೂಳು ಸಾಕಂತೆ."

ಗಂಡ ಏನೋ ಹೇಳಲು ಹೊರಟ. ತಾತ ಅಷ್ಟರಲ್ಲೇ ಎದ್ದಿದ್ದರು. ಜಗಳವಾಡಲಿಲ್ಲ, ಶಾಪ ಹಾಕಲಿಲ್ಲ. ಎರಡು ಜೊತೆ ಬಟ್ಟೆ ಒಂದು ಚೀಲಕ್ಕೆ ತುಂಬಿಕೊಂಡರು. ಬಂದರಿನ ಆಚೆ ದಂಡೆಯಲ್ಲಿ ಅವರ ಮಗಳ ಮನೆಯಿತ್ತು. ಮನೆಯೆಂದರೆ ಒಂದು ಕೋಣೆ, ಒಂದು ಓಣಿ. ಬಾಗಿಲಲ್ಲಿ ಬುಗುರಿಯ ತಲೆ ಸವರಲು ಕೈ ಚಾಚಿದವರು ಕೈಯನ್ನೊಮ್ಮೆ ನೋಡಿಕೊಂಡು ಹಿಂದಕ್ಕೆ ತೆಗೆದುಕೊಂಡರು. ಮುದುಕನ ಸೊಕ್ಕು ನೋಡು, ಒಂದು ತಪ್ಪಾಯ್ತು ಅಂತಾದರೂ ಬಾಯಿಗೆ ಬರಲಿಲ್ಲವಲ್ಲ ಎಂದು ಸೊಸೆ ಹಲ್ಲು ಕಡಿದಳು.

ಮುಂದಿನ ಆರು ವಾರ ಅವಳು ಮನೆಯನ್ನು ತೊಳೆದ ಹಾಗೆ ಯಾರೂ ಹೆಣವನ್ನೂ ತೊಳೆದಿರಲಿಕ್ಕಿಲ್ಲ. ಗೋಡೆಯ ಸುಣ್ಣ ಕೆರೆದು ಹೊಸದು ಬಳಿದಳು. ತಾತನ ಹಾಸಿಗೆಯನ್ನು ಹೊರಗೆ ಹಾಕಿದಳು. ಬೆಳಗ್ಗೆ ಐದಕ್ಕೆ ಎದ್ದು ನೆಲ ಒರೆಸಿ ಕೆಲಸಕ್ಕೆ ಹೋಗುವಳು, ಸಂಜೆ ಬಂದು ಮೆಟ್ಟಿಲ ಮೇಲೆ ಅರ್ಧ ಗಂಟೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂರುವಳು, ಎದ್ದು ಮತ್ತೆ ಒರೆಸುವಳು. ಏಟು ಕೊಟ್ಟದ್ದಕ್ಕೆ ಒಳಗೊಳಗೇ ಸುಡುತ್ತಿದ್ದಳಾದ್ದರಿಂದ ಈಗ ಮಗುವನ್ನು ಮೊದಲಿಗಿಂತ ಹೆಚ್ಚು ಅಪ್ಪಿಕೊಳ್ಳುತ್ತಿದ್ದಳು. ಅರ್ಧ ಗಂಟೆ ಒಂದು ಗಂಟೆಯಾಯಿತು.

ಇತ್ತ ಕಟ್ಟಡ ದಿನದಿನಕ್ಕೂ ಚಂದ ಕಾಣತೊಡಗಿತು. ಕಿಟಕಿಗಳಿಗೆ ಗಾಜು ಬಂತು. ಮಕ್ಕಳ ತೊಟ್ಟಿಗೆ ನೀಲಿ ಹೆಂಚು ಕೂರಿಸಿದರು. ಉದ್ಘಾಟನೆಯ ದಿನ ಹಳೆ ಕೆಲಸಗಾರರ ಪರವಾಗಿ ಬೆಸುಗೆ ತಾತನನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದೆಂದು ಗೊತ್ತಾಗಿತ್ತು. ಆಮಂತ್ರಣ ಪತ್ರದಲ್ಲಿ ಅವರ ಫೋಟೋ ಕೂಡ ಇತ್ತು.

"ತಾತನ್ನ ಕರ್ಕೊಂಡು ಬರ್ತೀರಲ್ಲ?" ಎಂದು ಇಂಜಿನಿಯರು ಕಂಬದ ಹತ್ತಿರ ಬಂದು ಕೇಳಿದ.

"ಅವರು ನಮ್ಮನೇಲಿಲ್ಲ," ಎಂದು ಅವಳು ಕೆರೆಯುತ್ತಲೇ ಹೇಳಿದಳು. ಕೆಂಪು ಪುಡಿ ಅವಳ ತೋಳಿನ ಮೇಲೆ ಉದುರಿತು. ಮೇಡಂ ಅದೇ ಹೊತ್ತಿಗೆ ಎರಡು ಬಾಟಲಿ ಸಮುದ್ರದ ನೀರು ಹಿಡಿದು ಪಕ್ಕದಲ್ಲೇ ಹಾದು ಮೆಟ್ಟಿಲು ಹತ್ತಿದರು. ಅವಳತ್ತ ನಕ್ಕು, "ಬುಗುರಿ ಹೇಗಿದ್ದಾಳೆ?" ಎಂದು ವಿಚಾರಿಸಿದರು. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ. ಆ ಕಟ್ಟಡದಲ್ಲಿ ಓದಿದವರೆಲ್ಲರ ಕಣ್ಣೂ ನೀರಿನ ಮೇಲಿತ್ತು, ಕಂಬದ ಮೇಲೆ ಯಾರದೂ ಇರಲಿಲ್ಲ.

ಆರು ವಾರಕ್ಕೆ ಮತ್ತೆ ರಕ್ತ ಕೊಟ್ಟರು. ಚೀಟಿ ತರಲು ಗಂಡ ಹೋಗಿದ್ದ. ಅವನು ಬಂದು ವ್ಯಾನಿನಲ್ಲೇ ಕೂತಿದ್ದದ್ದನ್ನು ಕಂಡು ಅವಳೇ ಹೊರಗೆ ಹೋದಳು.

"ಎಷ್ಟಂತೆ?"

"ನಲವತ್ನಾಲ್ಕು."

"ಮೂವತ್ನಾಲ್ಕಾ?"

"ನಲವತ್ತು... ನಾಲ್ಕು."

"ತಪ್ಪು ಓದಿದ್ದೀರಿ. ಕೊಡಿ ಇಲ್ಲಿ."

ಅವಳು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಮಡಚಿ ಬಿಚ್ಚಿ ಮತ್ತೆ ನೋಡಿದಳು. "ಅವರು ಕದ್ದು ಬಂದು ಹೋಗ್ತಿದ್ದಾರೆ. ನಾನಿಲ್ದಾಗ ಬಂದು ಮಗೂನ ಎತ್ಕೊಳ್ತಿದ್ದಾರೆ. ಹೇಳಿ, ಬರ್ತಿದ್ದಾರೆ ತಾನೇ?"

"ಅಪ್ಪ ಈ ಕಡೆ ತಲೆ ಹಾಕಿಲ್ಲ ಕಣೇ. ನಾನೇ ಹೋಗಿ ಕರೆದ್ರೂ ಬರಲ್ಲ ಅಂದ್ರು."

ಮಾರನೆಯ ದಿನ ಮೇಡಂ ಮತ್ತೆ ಬಂದರು. ಈ ಸಲ ಕೈಯಲ್ಲಿ ಒದ್ದೆ ಬಟ್ಟೆಯ ಸಣ್ಣ ಸಣ್ಣ ತುಂಡುಗಳು, ಒಂದೊಂದಕ್ಕೂ ಒಂದೊಂದು ಸೀಸೆ. ಅಡುಗೆ ಕಟ್ಟೆ ಒರೆಸಿದರು, ಕಿಟಕಿ ಒರೆಸಿದರು, ತಾತ ಮಲಗುತ್ತಿದ್ದ ಮೂಲೆ ಒರೆಸಿದರು. ಹೊರಟು ನಿಂತವರು ಬಾಗಿಲ ಮೊಳೆಗೆ ತೂಗಿದ್ದ ನೀಲಿ ಅಂಗಿಯನ್ನು ನೋಡಿ ನಿಂತರು.

"ಇದು ನೀವು ಕೆಲಸಕ್ಕೆ ಹಾಕ್ಕೊಳ್ಳೋದಲ್ವಾ? ಮನೆಗೆ ಬಂದ್ಮೇಲೆ ಬದಲಾಯಿಸ್ತೀರಾ?"

"ರಾತ್ರಿ ಊಟ ಆದ್ಮೇಲೆ. ಯಾಕೆ ಮೇಡಂ?"

ಮೇಡಂ ಅಂಗಿಯ ಅಂಚನ್ನು ಒಂದು ತುಂಡು ಬಟ್ಟೆಯಿಂದ ಒರೆಸಿದರು. ಬಟ್ಟೆ ಕೆಂಪಾಯಿತು.

ಎರಡು ದಿನದ ಮೇಲೆ ಅವಳನ್ನು ಮೇಲ್ಮಹಡಿಗೆ ಕರೆಸಿದರು. ಪ್ರಯೋಗಾಲಯದಲ್ಲಿ ಅವಳು ಕಾಲಿಟ್ಟದ್ದು ಅದೇ ಮೊದಲು. ಮೇಡಂ ಕುರ್ಚಿ ತೋರಿಸಿದರು. ಅಂಗಿಯ ಧೂಳು ಕುರ್ಚಿಗೆ ಹತ್ತೀತೆಂದು ಅವಳು ನಿಂತೇ ಇದ್ದಳು.

"ಅಡುಗೆಮನೇಲಿ ಈಗ ಏನೂ ಇಲ್ಲ. ನೀವು ಚೆನ್ನಾಗಿ ತೊಳೆದಿದ್ದೀರಿ," ಎಂದರು ಮೇಡಂ. "ಹಳೇ ಕಾಲದ ಆ ಕೆಂಪು ಬಣ್ಣ ಇದೆಯಲ್ಲ, ಕಬ್ಬಿಣಕ್ಕೆ ಬಳೀತಿದ್ರಲ್ಲ, ಅದನ್ನ ಸೀಸದಿಂದಲೇ ಮಾಡ್ತಿದ್ರು. ನಂಗೆ ಹೊಳೀಬೇಕಿತ್ತು. ನಾನು ದಿನಾ ನಿಮ್ಮ ಪಕ್ಕದಲ್ಲೇ..." ಅವರು ಮೇಜಿನ ಮೇಲಿದ್ದ ಸೀಸೆಯನ್ನು ಪಕ್ಕಕ್ಕೆ ಸರಿಸಿದರು. "ಸಾರಿ."

ಅವಳು ಆ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ. "ದಿನಾ ಮಡಿಲಲ್ಲಿ ಹಾಕ್ಕೊಳ್ತೀನಿ ಮೇಡಂ," ಎಂದಳು. "ಅಂಗಿ ಅಂಚು ಬಾಯಲ್ಲಿಟ್ಕೋತಾಳೆ. ಬಿಡಿಸಿದ್ರೆ ಅಳ್ತಾಳೆ ಅಂತ ಬಿಡಿಸ್ತಿರ್ಲಿಲ್ಲ."

ಕೆಳಗೆ ಬಂದು ಮೇಸ್ತ್ರಿಗೆ ವಿಷಯ ಹೇಳಿದಳು. ಉಳಿದ ಏಳು ಹೆಂಗಸರಿಗೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದಳು. ಏಳರಲ್ಲಿ ನಾಲ್ವರಿಗೆ ಮನೆಯಲ್ಲಿ ಎಳೆ ಮಕ್ಕಳಿದ್ದವು. ಎಲ್ಲರ ಕೈಯ ಉಕ್ಕಿನ ಪಟ್ಟಿಗಳು ಕೆಳಗಿಳಿದವು. ಮೇಡಂ ಇಂಜಿನಿಯರನ ಜೊತೆ ಜಗಳವಾಡಿದರು. ಕೊನೆಗೆ ದಪ್ಪ ಮುಖವಾಡಗಳು ಬಂದವು. ಸ್ನಾನಕ್ಕೊಂದು ನಲ್ಲಿ, ಬಟ್ಟೆ ಬದಲಾಯಿಸಲೊಂದು ಮರೆ ಮುಂದಿನ ತಿಂಗಳು ಮಾಡಿಸೋಣವೆಂದರು. ಉದ್ಘಾಟನೆ ಇದ್ದದ್ದು ಈ ತಿಂಗಳು.

"ಬಿಟ್ಬಿಡು ಈ ಕೆಲಸ," ಎಂದ ಗಂಡ ಊಟಕ್ಕೆ ಕೂತಾಗ.

"ಬಿಟ್ಟು? ದೋಣಿ ಇಳಿಯೋಕೆ ಇನ್ನೂ ತಿಂಗಳಿದೆ. ನಾಳೆ ಇವಳನ್ನ ದೊಡ್ಡಾಸ್ಪತ್ರೆಗೆ ಸೇರಿಸಿ ಅಂದ್ರೆ ಅಲ್ಲಿ ಇರೋದೆಲ್ಲಿ, ತಿನ್ನೋದೇನು? ಇನ್ನು ಹದಿನೆಂಟು ದಿನದ ಕೆಲಸ. ಹಿತ್ತಲಲ್ಲಿ ಸ್ನಾನ ಮಾಡಿ, ಅಂಗಿ ಅಲ್ಲೇ ಬಿಟ್ಟು, ಆಮೇಲೆ ಒಳಗೆ ಬರ್ತೀನಿ."

"ಅಲ್ಲೀ ತನಕ ಬುಗುರಿ ಸುಮ್ನಿರ್ತಾಳಾ?" ಎಂದಳು ಲಾಯರಮ್ಮ. "ನಾನು ಸ್ಕೂಲಿಂದ ಬರೋದೇ ಆರಕ್ಕೆ."

 ಎಲ್ಲರಿಗೂ ಒಂದೇ ಉತ್ತರ ಗೊತ್ತಿತ್ತು. ಅದನ್ನು ಮೊದಲು ಆಡಬೇಕಾದವಳು ಯಾರೆಂಬುದೂ ಗೊತ್ತಿತ್ತು.

ಭಾನುವಾರ ಅವಳು ದೋಣಿ ಹತ್ತಿ ಆಚೆ ದಂಡೆಗೆ ಹೋದಳು. ನಾದಿನಿ ಬಾಗಿಲಲ್ಲೇ ನಿಂತು ಸ್ವಾಗತಿಸಿದಳು.

"ಏನ್ ಅತ್ತಿಗೆ, ದಾರಿ ತಪ್ಪಿ ಬಂದ್ರಾ? ಇಲ್ಲಿ ಎಲ್ಲಾ ಕಡೆ ಸೀಸ ಇದೆ, ಹುಷಾರು. ನಮ್ಮಪ್ಪ ಬಂದಿದ್ದಾರಲ್ಲ."

"ನಿನ್ನ ಕೈಲಿ ಬೈಸ್ಕೊಳ್ಳೋಕೇ ಬಂದಿದ್ದೀನಮ್ಮ. ಆಮೇಲೆ ಬೈಯುವಿಯಂತೆ. ಮೊದಲು ಮಾವನ್ನ ನೋಡ್ಬೇಕು."

ತಾತ ಓಣಿಯಲ್ಲಿ, ನಾಲ್ಕು ಜೊತೆ ಚಪ್ಪಲಿ ಮತ್ತು ಒಂದು ನೀರಿನ ಡ್ರಮ್ಮಿನ ನಡುವೆ, ಮಡಿಸಿದ ಹೊದಿಕೆಯ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು. ಉಗುರುಗಳನ್ನು ಮಾತ್ರ ಬುಡದ ತನಕ ಕತ್ತರಿಸಿಕೊಂಡಿದ್ದರು.

"ಮಗುದು ಇಳೀತಾ?" ಎಂದು ಕೇಳಿದರು. ಬಂದೆಯಾ ಎಂದು ಕೂಡ ಕೇಳಲಿಲ್ಲ.

"ಏರಿದೆ ಮಾವ."

"ನಾನಿಲ್ದಿದ್ರೂನಾ?"

"ನೀವಿಲ್ದಿದ್ರೂ. ನನ್ನಿಂದ. ಕಂಬಕ್ಕೆ ಬಳಿದ ಬಣ್ಣದಲ್ಲೂ ಅದೇ ಸೀಸ ಇತ್ತಂತೆ. ನನ್ನ ಅಂಗೀಲಿ ಬರ್ತಿತ್ತು. ನಾನೇ ದಿನಾ ಬಾಯಿಗಿಟ್ಟ ಹಾಗೆ ಆಯ್ತು."

ದೋಣಿಯಲ್ಲಿ ಬರುವಾಗಲೆಲ್ಲ ಅವಳು ಒಂದು ಚುಚ್ಚುಮಾತಿಗೆ ಮೈ ಗಟ್ಟಿಮಾಡಿಕೊಂಡಿದ್ದಳು. ಬೀದಿಯಲ್ಲಿ ಅವಳು ಕೂಗಿದ್ದನ್ನೇ ಮಾವ ತಿರುಗಿಸಿ ಕೂಗಲಿ, ಕೋಲಿನಿಂದ ಒಂದು ಬಾರಿಸಲಿ, ಹಾಗಾದರೂ ಎದೆಯ ಭಾರ ಒಂದಿಷ್ಟು ಇಳಿದೀತು ಎಂದು ಆಸೆಯೂ ಇತ್ತು. ಅಂಥದ್ದೇನೂ ಬರಲಿಲ್ಲ.

"ಕೂತ್ಕೋ," ಎಂದರು ತಾತ. "ನಿನ್ನ ಗಂಡನಿಗಿಂತ ಮೊದಲು ನಂಗೊಬ್ಬ ಹುಟ್ಟಿದ್ದ."

"ಯಾರೂ ಹೇಳೇ ಇಲ್ಲ."

"ಹೇಳೋಕೇನಿದೆ? ಎರಡು ವರ್ಷಕ್ಕೆ ಅರಳು ಹುರಿದ ಹಾಗೆ ಮಾತಾಡೋನು. ಮೂರಕ್ಕೆ ಮಾತು ನಿಲ್ಲಿಸ್ದ. ನಾಲ್ಕಕ್ಕೆ ಒಂದು ಮಧ್ಯಾಹ್ನ ಮೈ ಸೆಟೆದು ಹೋಗ್ಬಿಟ್ಟ. ನಮ್ಮ ಹಣೇಬರಹ ಅಂದ್ಕೊಂಡ್ವಿ. ನಿಮ್ಮತ್ತೆ ಸಾಯೋ ತನಕ ಹಾಗೇ ಅಂದ್ಕೊಂಡಿದ್ಲು." ಅವರು ತಮ್ಮ ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡರು. "ಆಟಕ್ಕೆ ಅಂತ ಅವನಿಗೆ ಗುಂಡು ಮಾಡಿಕೊಡ್ತಿದ್ದೆ. ಬಾಯಲ್ಲಿಟ್ಕೊಂಡು ಓಡಾಡೋನು. ಅವತ್ತು ಆ ಮೇಡಂ ಅಡುಗೆಮನೇಲಿ ನಿಂತು ಹೇಳ್ತಿದ್ರಲ್ಲ, ನೀವೆಲ್ಲ ಬುಗುರೀನ ನೋಡ್ತಿದ್ರಿ. ನಂಗೆ ಕಾಣಿಸ್ತಿದ್ದೋನು ಅವನು."

 ತಾನು ಸೊಕ್ಕು ಎಂದುಕೊಂಡದ್ದು ಏನೆಂದು ಸೊಸೆಗೆ ಈಗ ತಿಳಿಯಿತು, ತಿಳಿದು ಸಂಕಟ ಇಮ್ಮಡಿಯಾಯಿತು. ಅವಳು ಅವರ ಕಾಲ ಹತ್ತಿರ, ಚಪ್ಪಲಿಗಳ ನಡುವೆಯೇ ಕೂತು ಅತ್ತಳು. ತಾತ ಸಮಾಧಾನ ಹೇಳಲಿಲ್ಲ. ಅಂಥ ಸಮಾಧಾನ ಇರುವುದಾಗಿದ್ದರೆ ಇಷ್ಟು ದಿನದಲ್ಲಿ ಅವರಿಗೇ ಸಿಕ್ಕಿರುತ್ತಿತ್ತು.

"ಬನ್ನಿ ಮಾವ, ಮನೆಗೆ ಹೋಗೋಣ," ಎಂದಳು ಕಡೆಗೆ.

"ನಾನು ಬಂದು ಏನ್ ಮಾಡ್ಲಿ? ನೋಡೋಕೆ ಆಗಲ್ಲಮ್ಮ ನಂಗೆ."

"ಸಂಜೆ ನಾನು ಹಿತ್ತಲಲ್ಲಿ ಸ್ನಾನ ಮಾಡಿ ಬರೋ ತನಕ ಅವಳನ್ನ ಹಿಡ್ಕೊಳ್ಳೋಕೆ ಒಬ್ರು ಬೇಕು. ನನ್ನ ಹತ್ರ ಬರೋಕೆ ಬಿಡಬಾರ್ದು. ಬೇರೆ ಯಾರ ಕೈಲೂ ಆಗಲ್ಲ ಅದು. ಅಯ್ಯೋ ಪಾಪ ಅಂತ ಬಿಟ್ಬಿಡ್ತಾರೆ. ನೀವು ಬಿಡಲ್ಲ."

 ತಾತ ಕೋಲಿಗೆ ಕೈ ಚಾಚಿದರು.

ಸೋಮವಾರ ಸಂಜೆ ಅವಳು ಕೆಲಸದಿಂದ ಬಂದಾಗ ಮುಂಬಾಗಿಲಿಗೆ ಹೋಗದೆ ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋದಳು. ಬುಗುರಿ ಕಿಟಕಿಯಿಂದ ಕಂಡುಬಿಟ್ಟಳು. "ಅಮ್ಮ!" ಎಂದು ಹಿಂಬಾಗಿಲಿಗೆ ಓಡಿಬಂದಳು. ಹೊಸ್ತಿಲಲ್ಲೇ ತಾತ ಎರಡೂ ರಟ್ಟೆ ಹಿಡಿದು ತಡೆದರು.

"ಬಿಡು ತಾತ! ಅಮ್ಮ ಬಂತು!"

"ಸ್ನಾನ ಮಾಡಿ ಬರ್ತಾಳೆ ಕಂದ. ಇನ್ನೊಂದು ಚೂರು."

"ಅಮ್ಮಾ! ಅಮ್ಮಾ, ಎತ್ಕೋ!"

ತಟ್ಟಿಯ ಮರೆಯಲ್ಲಿ ಅವಳು ಅಂಗಿ ಕಳಚಿ ಬಕೀಟಿಗೆ ಹಾಕಿ, ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಬರುತ್ತೇನೆ, ಬಂದೆ, ಬಂದುಬಿಟ್ಟೆ ಎಂದು ಕೂಗಿ ಹೇಳುತ್ತಲೇ ಇದ್ದಳು. ಕೂದಲಿಗೆ ಎರಡು ಸಲ ಸೋಪು ಹಾಕಬೇಕೆಂದು ಮೇಡಂ ಹೇಳಿದ್ದರು. ಮೊದಲ ಸೋಪಿಗೆ ಮಗು ಕಿರುಚುತ್ತಿತ್ತು. ಎರಡನೆಯ ಸೋಪಿನ ಹೊತ್ತಿಗೆ ಸದ್ದು ಸಣ್ಣದಾಯಿತು. ಕೊನೆಯ ಚೊಂಬು ಸುರಿದುಕೊಳ್ಳುವಾಗ ಏನೂ ಕೇಳಿಸುತ್ತಿರಲಿಲ್ಲ.

ಒಗೆದ ಬಟ್ಟೆ ಸುತ್ತಿಕೊಂಡು, ಕೂದಲಿನಿಂದ ನೀರು ಸೋರಿಸಿಕೊಂಡೇ ಅವಳು ಒಳಗೆ ಓಡಿಬಂದಳು. ತಾತ ರಟ್ಟೆ ಬಿಟ್ಟಿದ್ದರು. ಬುಗುರಿ ಗೋಡೆಗೆ ಮುಖಮಾಡಿ ಕೂತಿತ್ತು.

"ಬಾ ಕಂದ. ಅಮ್ಮ ಬಂದೆ ನೋಡು."

ಮಗು ತಿರುಗಲಿಲ್ಲ.

"ಬುಗುರಿ, ಇಲ್ಲಿ ನೋಡೇ. ಈಗ ಎತ್ಕೋಬಹುದು. ಬಾ."

ಅವಳು ಹತ್ತಿರ ಹೋಗಿ ಭುಜ ಮುಟ್ಟಿದಳು. ಮಗು ಮುಟ್ಟಿಸಿಕೊಂಡಿತು, ಅಷ್ಟೇ. ಅವಳು ತಾತನ ಮುಖ ನೋಡಿದಳು, ತಾತ ಅವಳ ಮುಖ ನೋಡಿದರು. ಅಮ್ಮನ ಮೇಲೆ ಮುನಿದ ಮಗುವೊಂದು ಹಾಗೆ ಕೂತಿತ್ತೋ, ಇಲ್ಲ ಕರೆದದ್ದೇ ಒಳಗೆ ಮುಟ್ಟುತ್ತಿರಲಿಲ್ಲವೋ, ಇಬ್ಬರಿಗೂ ಹೇಳಲು ಬರುವಂತಿರಲಿಲ್ಲ. ಮುನಿಸೇ ಆಗಿರಲಿ ಎಂದುಕೊಳ್ಳುತ್ತ ಅವಳು ಮತ್ತೆ ಕರೆದಳು.